ಬೆರಳಿನ ವೇಗ, ಕೈಯ ಕ್ಷೇಮ: ಮಕ್ಕಳ ಮೌಸ್ ಕ್ಲಿಕ್ ಆಟದ ಬಗ್ಗೆ ನಾವು ತಿಳಿದಿರಬೇಕಾದದ್ದು

ಕಳೆದ ವರ್ಷ ಹಿಂದೂಪುರದಲ್ಲಿ ಕನ್ನಡ ಮಾಧ್ಯಮದ ಎಂಟನೆಯ ತರಗತಿಯ ವಿದ್ಯಾರ್ಥಿಯೊಬ್ಬ ಉಕ್ತಲೇಖನದ ನಡುವೆಯೇ ಲೇಖನಿಯನ್ನು ಕೆಳಗಿಟ್ಟು ಬಲಗೈಯನ್ನು ಒದರಿಕೊಳ್ಳತೊಡಗಿದ. ವಿಚಾರಿಸಿದಾಗ, "ಸಾರ್, ಬೆರಳು ಜುಮ್ ಅಂತಾವೆ, ಪೆನ್ನು ಹಿಡಿಯಾಕೆ ಆಗ್ತಾ ಇಲ್ಲ" ಎಂದ. ಎಲ್ಲಿಯೂ ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಸ್ವಲ್ಪ ಹೊತ್ತು ಪುಸಲಾಯಿಸಿದ ಮೇಲೆ ಮೇಜಿನ ಮೇಲೆ ಕೈಯನ್ನು ಕಲ್ಲಿನಂತೆ ಬಿಗಿಹಿಡಿದು ತೋರುಬೆರಳನ್ನು ನಡುಗಿಸಿ ತೋರಿಸಿದ. "ಒಂದು ಸೆಕೆಂಡಿಗೆ ಹನ್ನೊಂದು ಕ್ಲಿಕ್ ಬರ್ತದೆ ಸಾರ್" ಎನ್ನುವಾಗ ಅವನ ಮುಖದಲ್ಲಿ ನೋವಿಗಿಂತ ಹೆಮ್ಮೆಯೇ ಹೆಚ್ಚಾಗಿತ್ತು.

ಜೂನ್ ತಿಂಗಳಲ್ಲಿ ಮಕ್ಕಳ ದಾಖಲಾತಿಗಾಗಿ ಕಲ್ಯಾಣದುರ್ಗದ ಕನ್ನಡ ಮನೆಗಳಿಗೆ ಹೋದಾಗ ತಾಯಿಯೊಬ್ಬರು ಇದೇ ವಿಷಯವನ್ನು ಬೇರೆ ಮಾತಿನಲ್ಲಿ ಕೇಳಿದರು: "ಮೇಷ್ಟ್ರೇ, ನಮ್ಮ ಹುಡುಗ ಹಳೇ ಕಂಪ್ಯೂಟರ್ ಮುಂದೆ ಕೂತು ರಾತ್ರಿ ಟಕಟಕ ಅಂತ ಕುಟ್ತಾ ಇರ್ತಾನೆ. ಕೇಳಿದ್ರೆ ಪ್ರಾಕ್ಟೀಸ್ ಅಂತಾನೆ. ಇದೂ ಒಂದು ಓದಾ?"

2022ರ ಏಪ್ರಿಲ್ 4ರಿಂದ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ. ಜಿಲ್ಲೆಗಳು ಎರಡಾದರೂ ನಮ್ಮ ಮಕ್ಕಳ ಆಟ ಒಂದೇ, ಪೋಷಕರ ಆತಂಕವೂ ಒಂದೇ. ಮೊದಲಿಗೆ ನಾವು ಶಿಕ್ಷಕರು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ: ಬೈದೆವು, ಬೇಡವೆಂದೆವು. ಶಾಲೆಯಲ್ಲಿ ನಿಂತ ಆಟ ಮನೆಯಲ್ಲಿ ಮುಂದುವರಿಯಿತು. ಆಮೇಲೆ ಮಕ್ಕಳ ಜೊತೆ ಕುಳಿತು ಅವರು ನೋಡುವ ವಿಡಿಯೋಗಳನ್ನು ನೋಡಿದೆವು. ಅವು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇದ್ದವು. ಬೆರಳು ಹೇಗೆ ಆಡುತ್ತದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ, ಅದಕ್ಕೆ ಭಾಷೆ ಬೇಕಿಲ್ಲ. ನೋವಾದರೆ ನಿಲ್ಲಿಸಿ ಎಂದು ನಡುವೆ ಎಲ್ಲಿಯೋ ವೇಗವಾಗಿ ಹೇಳಿಬಿಡುವ ಎಚ್ಚರಿಕೆ ಮಾತ್ರ ನಮ್ಮ ಮಕ್ಕಳಿಗೆ ತಲುಪುತ್ತಿರಲಿಲ್ಲ. ಅವರ ಕೈಗೆ ಅರ್ಧ ವಿದ್ಯೆಯಷ್ಟೇ ಬಂದಿತ್ತು. ಉಳಿದ ಅರ್ಧವನ್ನು ಕನ್ನಡದಲ್ಲಿ ಹೇಳುವುದೇ ಈ ಬರಹದ ಉದ್ದೇಶ.

ಒಂದು ಕ್ಲಿಕ್ ಹೇಗೆ ಆಗುತ್ತದೆ?

ಮೌಸಿನ ಗುಂಡಿಯ ಕೆಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಅದರೊಳಗೆ ತೆಳುವಾದ ಲೋಹದ ಪಟ್ಟಿ. ಬೆರಳು ಒತ್ತಿದಾಗ ಆ ಪಟ್ಟಿ ಬಾಗಿ ಇನ್ನೊಂದು ಲೋಹದ ತುದಿಯನ್ನು ಮುಟ್ಟುತ್ತದೆ, ಕರೆಂಟು ಹರಿಯುತ್ತದೆ, ಕಂಪ್ಯೂಟರು ಒಂದು ಕ್ಲಿಕ್ ಎಂದು ಎಣಿಸಿಕೊಳ್ಳುತ್ತದೆ. ಬೆರಳು ಮೇಲೆದ್ದಾಗ ಪಟ್ಟಿ ತನ್ನ ಜಾಗಕ್ಕೆ ಮರಳುತ್ತದೆ. ಮರಳದ ಹೊರತು ಎರಡನೆಯ ಕ್ಲಿಕ್ ಇಲ್ಲ. ಆದ್ದರಿಂದ ವೇಗವೆಂದರೆ ಬೆರಳು ಎಷ್ಟು ಬಲವಾಗಿ ಇಳಿಯುತ್ತದೆ ಎಂಬುದಲ್ಲ, ಎಷ್ಟು ಬೇಗ ಹಗುರಾಗಿ ಮೇಲೇಳುತ್ತದೆ ಎಂಬುದು. ಬಹುಪಾಲು ಮಕ್ಕಳು ಮಾಡುವ ತಪ್ಪು ಇಲ್ಲಿಯೇ ಇದೆ. ಗುಂಡಿಯನ್ನು ಕುಟ್ಟುತ್ತಾರೆ. ಕುಟ್ಟಿದಷ್ಟೂ ಬೆರಳು ಕೆಳಗೆ ತಡೆಯುತ್ತದೆ.

ಲೋಹಕ್ಕೆ ಲೋಹ ತಗುಲಿದಾಗ ಪಟ್ಟಿ ಕೆಲವು ಮಿಲಿಸೆಕೆಂಡುಗಳ ಕಾಲ ಅದುರುತ್ತದೆ. ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗವೇ ಒಂದು ಮಿಲಿಸೆಕೆಂಡು. ಆ ಅದುರನ್ನೆಲ್ಲ ಬೇರೆ ಬೇರೆ ಕ್ಲಿಕ್ಕುಗಳೆಂದು ಎಣಿಸಬಾರದೆಂದು ಮೌಸಿನೊಳಗಿನ ಚಿಪ್ ತುಸು ಹೊತ್ತು ಕಾಯುತ್ತದೆ. ಸ್ವಿಚ್ ಸವೆದಾಗ ಅದುರು ಹೆಚ್ಚಿ, ಕಾಯುವ ಅವಧಿಯನ್ನೂ ಮೀರುತ್ತದೆ. ಆಗ ಒಮ್ಮೆ ಒತ್ತಿದರೆ ಎರಡು ಕ್ಲಿಕ್ ಬೀಳುತ್ತದೆ. ಈ ಅದುರಿನ ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಸೆಕೆಂಡಿಗೆ ಎಷ್ಟು ಕ್ಲಿಕ್ ಎಂಬುದನ್ನು ಆಟಗಾರರು ಸಿಪಿಎಸ್ ಎನ್ನುತ್ತಾರೆ. ವಿಶೇಷ ಅಭ್ಯಾಸವಿಲ್ಲದವರಿಗೆ ಸಾಮಾನ್ಯವಾಗಿ 5ರಿಂದ 7 ಬರುತ್ತದೆ. ಇದಕ್ಕಾಗಿ ಸಾವಿರಾರು ರೂಪಾಯಿಯ ಗೇಮಿಂಗ್ ಮೌಸ್ ಬೇಕೆಂದು ಮಕ್ಕಳು ಹಟ ಹಿಡಿಯುವುದುಂಟು. ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಯುಎಸ್‌ಬಿ ಮೌಸ್ ಸೆಕೆಂಡಿಗೆ 125 ಬಾರಿ, ಎಂದರೆ 8 ಮಿಲಿಸೆಕೆಂಡಿಗೊಮ್ಮೆ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ಸೆಕೆಂಡಿಗೆ 10 ಕ್ಲಿಕ್ ಮಾಡುವ ಹುಡುಗನ ಒಂದು ಕ್ಲಿಕ್ಕಿಗೆ 100 ಮಿಲಿಸೆಕೆಂಡು ಹಿಡಿಯುತ್ತದೆ. ಕೆಟ್ಟುಹೋಗಿರದ ಸಾಧಾರಣ ಮೌಸೇ ಅವನ ಬೆರಳಿಗಿಂತ ಎಷ್ಟೋ ಮುಂದಿದೆ. ಕಲಿಕೆಗೆ ಅದು ಧಾರಾಳವಾಗಿ ಸಾಕು.

ಮಕ್ಕಳು ಹೇಳುವ ನಾಲ್ಕು ವಿಧಾನಗಳು

ಮೊದಲನೆಯದು ಸಾಧಾರಣ ಕ್ಲಿಕ್. ಅಂಗೈ ಮೌಸಿನ ಮೇಲೆ ಆರಾಮವಾಗಿ ಕುಳಿತಿರುತ್ತದೆ, ತೋರುಬೆರಳೊಂದೇ ಬುಡದ ಗೆಣ್ಣಿನಿಂದ ಆಡುತ್ತದೆ. ಬೆರಳ ತುದಿ ಗುಂಡಿಯನ್ನು ಬಿಟ್ಟು ಮೇಲೆ ಹಾರುವುದಿಲ್ಲ, ಅದಕ್ಕೆ ತಾಗಿಕೊಂಡೇ ಏಳುತ್ತದೆ. ನಮ್ಮೂರಿನ ತಮಟೆಯವರನ್ನು ಗಮನಿಸಿದ್ದೀರಿ. ಬಡಿತ ಬಿರುಸಾದಷ್ಟೂ ಅವರ ಮಣಿಕಟ್ಟು ಸಡಿಲವಾಗುತ್ತದೆ, ಕಡ್ಡಿಯ ಏಟು ಚಿಕ್ಕದಾಗುತ್ತದೆ. ಕೈ ಬಿಗಿಹಿಡಿದು ಬಡಿಯುವವನು ಹತ್ತು ನಿಮಿಷಕ್ಕೇ ಸೋಲುತ್ತಾನೆ, ಇಡೀ ಮೆರವಣಿಗೆ ನಡೆಸುವವನು ಸಡಿಲಗೈಯವನು. ಬೆರಳಿಗೂ ಇದೇ ನಿಯಮ. ಸರಿಯಾಗಿ ಅಭ್ಯಾಸ ಮಾಡಿದರೆ ಈ ವಿಧಾನದಲ್ಲಿಯೇ ಸೆಕೆಂಡಿಗೆ 8ರ ಆಸುಪಾಸಿಗೆ ಬರಬಹುದು.

ಎರಡನೆಯದು ಜಿಟ್ಟರ್ ಕ್ಲಿಕ್, ಎಂದರೆ ನಡುಕದ ಕ್ಲಿಕ್. ಮೇಲೆ ಹೇಳಿದ ವಿದ್ಯಾರ್ಥಿ ಮಾಡುತ್ತಿದ್ದುದು ಇದನ್ನೇ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಸ್ನಾಯುಗಳನ್ನೆಲ್ಲ ಬಿಗಿಹಿಡಿದು ಕೈ ತಾನಾಗಿ ನಡುಗುವಂತೆ ಮಾಡಿ, ಆ ನಡುಕವನ್ನು ಬೆರಳ ತುದಿಗೆ ಇಳಿಸುವುದು. 10ರಿಂದ 14ರವರೆಗೆ ಬರುತ್ತದೆಂದು ಆಟಗಾರರು ಹೇಳುತ್ತಾರೆ. ಆದರೆ ಕೈ ನಡುಗುವಾಗ ತೆರೆಯ ಮೇಲಿನ ಬಾಣದ ಗುರುತೂ ನಡುಗುತ್ತದೆ, ಗುರಿ ತಪ್ಪುತ್ತದೆ. ಕೈಗೆ ಅತಿ ಹೆಚ್ಚು ಆಯಾಸ ತರುವ ವಿಧಾನ ಇದು.

ಮೂರನೆಯದು ಬಟರ್‌ಫ್ಲೈ ಕ್ಲಿಕ್. ಒಂದೇ ಗುಂಡಿಯ ಮೇಲೆ ತೋರುಬೆರಳು, ಮಧ್ಯದ ಬೆರಳು ಎರಡನ್ನೂ ಇಟ್ಟು ಒಂದಾದ ಮೇಲೊಂದರಂತೆ ಬಡಿಯುವುದು. ಚಿಟ್ಟೆಯ ಎರಡು ರೆಕ್ಕೆ ಆಡಿದಂತೆ ಕಾಣುವುದರಿಂದ ಆ ಹೆಸರು. ಕೆಲಸ ಎರಡು ಬೆರಳಿಗೆ ಹಂಚಿಹೋಗುವುದರಿಂದ ಒಂದೊಂದರ ಮೇಲೆ ಬೀಳುವ ಭಾರ ಕಡಿಮೆ. ಸಡಿಲಗೈಯಲ್ಲಿ ಮಾಡಿದರೆ ಜಿಟ್ಟರಿಗಿಂತ ಇದು ಎಷ್ಟೋ ಮೇಲು. ಆದರೆ ಮೌಸನ್ನು ಹಿಡಿಯಲು ಹೆಬ್ಬೆರಳು ಮತ್ತು ಕೊನೆಯ ಎರಡು ಬೆರಳುಗಳಷ್ಟೇ ಉಳಿಯುತ್ತವೆ. ಪುಟ್ಟ ಕೈಯ ಮಕ್ಕಳು ಅವನ್ನು ಅತಿಯಾಗಿ ಅದುಮಿ ಹಿಡಿಯುತ್ತಾರೆ, ನೋವು ಅಲ್ಲಿಗೆ ಸರಿಯುತ್ತದೆ.

ನಾಲ್ಕನೆಯದು ಡ್ರ್ಯಾಗ್ ಕ್ಲಿಕ್. ಗುಂಡಿಯ ಮೇಲೆ ಬೆರಳನ್ನು ಒತ್ತಿ ಮುಂದಕ್ಕೋ ಹಿಂದಕ್ಕೋ ಎಳೆಯುವುದು. ಬೆರಳು ನುಣುಪಾಗಿ ಜಾರದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಸಾಗುತ್ತದೆ, ಒಳಗಿನ ಪಟ್ಟಿ ಅದುರುತ್ತದೆ, ಒಂದೇ ಎಳೆತಕ್ಕೆ ಹಲವು ಕ್ಲಿಕ್ ಬೀಳುತ್ತವೆ. ದೇವರ ಉತ್ಸವದಲ್ಲಿ ಉರುಮೆಯ ಚರ್ಮದ ಮೇಲೆ ಬಾಗಿದ ಕಡ್ಡಿಯನ್ನು ಉಜ್ಜಿದಾಗ ಗುರುಗುಟ್ಟುವ ನಾದ ಹೊರಡುತ್ತದಲ್ಲ, ಅಲ್ಲಿ ನಡೆಯುವುದೂ ಇದೇ ಹಿಡಿದು ಬಿಡುವ ಕ್ರಿಯೆ. 30ಕ್ಕೂ ಮೇಲಿನ ಎಣಿಕೆ ಬರುವುದು ಈ ವಿಧಾನದಿಂದ. ಆದರೆ ಅದು ಬೆರಳಿನ ವೇಗವಲ್ಲ, ಸ್ವಿಚ್ಚಿನ ಅದುರು. ಇದಕ್ಕಾಗಿ ಗುಂಡಿಗೆ ಟೇಪು ಅಂಟಿಸುತ್ತಾರೆ, ಮೌಸ್ ಬೇಗ ಕೆಡುತ್ತದೆ. ಹಲವು ಆಟದ ಸರ್ವರುಗಳಲ್ಲಿ ಇದಕ್ಕೆ ನಿಷೇಧವೂ ಇದೆ.

ಕೈಯೊಳಗೆ ಏನು ನಡೆಯುತ್ತದೆ?

ಬೆರಳನ್ನು ಆಡಿಸುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮೊಣಕೈಯ ಕೆಳಗೆ ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದಂಥ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಬರುತ್ತವೆ. ಮಣಿಕಟ್ಟಿನ ಒಳಬದಿಯಲ್ಲಿ ಒಂದು ಇಕ್ಕಟ್ಟಾದ ಸುರಂಗವಿದೆ. ಅದರೊಳಗೆ ಒಂಬತ್ತು ರಜ್ಜುಗಳು, ಅವುಗಳ ಜೊತೆಗೆ ಒಂದು ನರ. ಕಿರಿದಾದ ಓಣಿಯಲ್ಲಿ ಒಂಬತ್ತು ಗಾಡಿಗಳ ನಡುವೆ ಒಬ್ಬ ಮನುಷ್ಯ ನಿಂತಂತೆ. ರಜ್ಜುಗಳು ಬಿಡುವಿಲ್ಲದೆ ಉಜ್ಜಿ ಬಾವು ಬಂದರೆ, ಇಲ್ಲವೇ ಮಣಿಕಟ್ಟು ಬಾಗಿದ ಭಂಗಿಯಲ್ಲಿಯೇ ಬಹಳ ಹೊತ್ತು ಇದ್ದರೆ, ನರವು ಅದುಮಿಹೋಗುತ್ತದೆ. ಆಗ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗಕ್ಕೆ ಜೋಮು ಹಿಡಿಯುತ್ತದೆ. ಕಿರುಬೆರಳಿಗೆ ಜೋಮು ಹಿಡಿದರೆ ಅದು ಬೇರೊಂದು ನರದ್ದು. ಮೊಣಕೈಯನ್ನು ಮೇಜಿನ ಅಂಚಿಗೆ ಊರಿ ಕೂರುವವರಿಗೆ ಅದು ಬರುವುದುಂಟು.

ಸ್ನಾಯುವಿಗೆ ರಕ್ತ ಬೇಕು. ಬಿಗಿದು ಸಡಿಲಾಗುವ ಸ್ನಾಯುವಿನಲ್ಲಿ ರಕ್ತ ಹರಿದಾಡುತ್ತದೆ. ಸಡಿಲಾಗದೆ ಬಿಗಿದೇ ಇದ್ದರೆ ಹರಿವು ಕುಗ್ಗುತ್ತದೆ, ಉರಿ, ಸೆಳೆತ, ಆಯಾಸ ಬರುತ್ತವೆ. ಜಿಟ್ಟರ್ ಕ್ಲಿಕ್ ನಿಂತಿರುವುದೇ ಬಿಗಿತದ ಮೇಲೆ. ಅದಕ್ಕೇ ಅದರ ಬಗ್ಗೆ ನಮ್ಮ ಮಾತು ಕಟುವಾಗಿದೆ.

ಇದೆಲ್ಲ ನಮ್ಮ ಮನೆಗಳಿಗೆ ಹೊಸದೇನಲ್ಲ. ಬಿತ್ತನೆಗೆ ಮುನ್ನ ಶೇಂಗಾ ಸುಲಿಯುವ ತಾಯಂದಿರ ಹೆಬ್ಬೆರಳ ಬುಡ ಹೇಗೆ ನೋಯುತ್ತದೆಂದು ಕಲ್ಯಾಣದುರ್ಗದವರಿಗೆ ಹೇಳಬೇಕಾಗಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆ ಇರುವ ಹಿಂದೂಪುರದವರಿಗೆ ನೂಲು ಬಿಚ್ಚುವವರ ಬೆರಳುಗಳ ಪಾಡು ಗೊತ್ತು. ಒಂದೇ ಚಲನೆ ಸಾವಿರ ಸಲ ನಡೆದರೆ ಕೈ ದಣಿಯುತ್ತದೆ. ದೊಡ್ಡವರು ಹೊಟ್ಟೆಪಾಡಿಗಾಗಿ ತಾಳಿಕೊಳ್ಳುವ ನೋವನ್ನು ಮಗು ಆಟಕ್ಕಾಗಿ ತಂದುಕೊಳ್ಳುತ್ತಿದೆ ಎಂಬುದಷ್ಟೇ ವ್ಯತ್ಯಾಸ. ಸೆಕೆಂಡಿಗೆ 10ರಂತೆ ಹತ್ತು ಸೆಕೆಂಡಿನ ಒಂದು ಸುತ್ತಿಗೆ 100 ಕ್ಲಿಕ್. ಒಂದು ಸಂಜೆ ದಾಖಲೆ ಮುರಿಯುವ ಹಟದಲ್ಲಿ ನಲವತ್ತು ಸುತ್ತು ಮಾಡಿದರೆ 4,000. ಕೆಲವು ಮೌಸ್ ಸ್ವಿಚ್ಚುಗಳಿಗೆ ತಯಾರಕರು ಎರಡು ಕೋಟಿ ಕ್ಲಿಕ್ಕಿನ ಆಯುಸ್ಸು ಹೇಳುತ್ತಾರೆ. ಮಗುವಿನ ಮಣಿಕಟ್ಟಿಗೆ ಅಂಥ ಖಾತರಿಯನ್ನು ಯಾರೂ ಬರೆದುಕೊಟ್ಟಿಲ್ಲ. ಮೌಸ್ ಹೋದರೆ ಇನ್ನೊಂದು ತರಬಹುದು. ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಗಂಟೆಗಟ್ಟಲೆ ಕನ್ನಡದಲ್ಲಿ ಉತ್ತರ ಬರೆಯಬೇಕಾದುದು ಇದೇ ಕೈ.

ಈ ವೇಗಕ್ಕೆ ಆಟದಲ್ಲಿ ಎಷ್ಟು ಬೆಲೆ?

ಮಕ್ಕಳಿಗೆ ಇದನ್ನು ಹೇಳಿದರೆ ಕೇಳುತ್ತಾರೆ, ಏಕೆಂದರೆ ಇದು ಅವರ ಲೋಕದ ಮಾತು. ವೇಗದ ಕ್ಲಿಕ್ಕಿನ ಹುಚ್ಚನ್ನು ಹೆಚ್ಚಾಗಿ ಹರಡಿದ ಆಟ ಮೈನ್‌ಕ್ರಾಫ್ಟ್. ಅದರ ಹಳೆಯ 1.8 ಆವೃತ್ತಿಯಲ್ಲಿ ಹೆಚ್ಚು ಕ್ಲಿಕ್ ಮಾಡಿದವನಿಗೆ ಕಾಳಗದಲ್ಲಿ ಅನುಕೂಲವಿತ್ತು. 2016ರ ಫೆಬ್ರವರಿ 29ರಂದು ಬಂದ 1.9 ಆವೃತ್ತಿಯಲ್ಲಿ ಒಂದು ಏಟಿನಿಂದ ಇನ್ನೊಂದು ಏಟಿಗೆ ಕಾಯಬೇಕೆಂಬ ನಿಯಮ ಸೇರಿತು. ಕಾಯದೆ ಹೊಡೆದರೆ ಏಟಿನ ಬಲ ಕಡಿಮೆ. ಹಳೆಯ ಆವೃತ್ತಿಯ ಸರ್ವರುಗಳಲ್ಲಿ ಆಡುವವರಿಗೆ ಬಿಟ್ಟರೆ ಉಳಿದವರಿಗೆ ಈ ಕಸರತ್ತಿನಿಂದ ಹೆಚ್ಚಿನ ಪ್ರಯೋಜನವಿಲ್ಲ.

ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ 2023ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ನಡೆಯಿತು. ಅಲ್ಲಿ ಇ-ಸ್ಪೋರ್ಟ್ಸ್ ಮೊದಲ ಬಾರಿಗೆ ಪದಕದ ಕ್ರೀಡೆಯಾಯಿತು. ಅಲ್ಲಿದ್ದ ಏಳು ಪದಕ ಸ್ಪರ್ಧೆಗಳಲ್ಲಿ ಒಂದೂ ಕ್ಲಿಕ್ ಎಣಿಸುವ ಸ್ಪರ್ಧೆಯಲ್ಲ. ಗುರಿ, ಸಮಯಪ್ರಜ್ಞೆ, ಜೊತೆಯವರೊಂದಿಗಿನ ಹೊಂದಾಣಿಕೆ ಇವೇ ಅಲ್ಲಿ ಗೆಲ್ಲಿಸುತ್ತವೆ.

ಬೆರಳಿನ ವೇಗಕ್ಕೇ ಹೆಸರಾದ ಒಬ್ಬರ ಕಥೆಯನ್ನು ನಾವು ತರಗತಿಯಲ್ಲಿ ಹೇಳುತ್ತೇವೆ. 1980ರ ದಶಕದ ಜಪಾನಿನಲ್ಲಿ ಹಡ್ಸನ್ ಎಂಬ ವಿಡಿಯೋಗೇಮ್ ಕಂಪನಿಯ ತೋಶಿಯುಕಿ ತಕಾಹಾಶಿ ಎಂಬವರು ಸೆಕೆಂಡಿಗೆ 16 ಬಾರಿ ಗುಂಡಿ ಒತ್ತುವವರೆಂದು ಮಕ್ಕಳ ನಡುವೆ ಮನೆಮಾತಾಗಿದ್ದರು. ಆಟ ಮಾರುವ ಕಂಪನಿಯಲ್ಲಿದ್ದುಕೊಂಡೇ ಅವರು ಮಕ್ಕಳಿಗೆ ಸಾರಿದ ಮಾತು, ಆಟ ದಿನಕ್ಕೆ ಒಂದು ಗಂಟೆ ಮಾತ್ರ ಎಂಬುದು. ಈ ಮಾತನ್ನು ಮೇಷ್ಟ್ರು ಹೇಳಿದರೆ ಉಪದೇಶವಾಗುತ್ತದೆ. ಹದಿನಾರು ಒತ್ತುತ್ತಿದ್ದವರೇ ಹೇಳಿದ್ದೆಂದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಕೂರುವ ಕ್ರಮ

ನಮ್ಮ ಮನೆಗಳಲ್ಲಿ ಕಂಪ್ಯೂಟರು ದೊಡ್ಡವರ ಮೇಜಿನ ಮೇಲಿರುತ್ತದೆ, ಮಗು ಪ್ಲಾಸ್ಟಿಕ್ ಕುರ್ಚಿಯಲ್ಲಿರುತ್ತದೆ. ಕಾಲು ನೆಲಕ್ಕೆ ಎಟುಕುವುದಿಲ್ಲ, ಮೊಣಕೈ ಮೇಜಿಗಿಂತ ಕೆಳಗಿರುತ್ತದೆ, ಕೈ ಮೇಲಕ್ಕೆ ಬಾಗಿ ಮಣಿಕಟ್ಟು ಮೇಜಿನ ಅಂಚಿಗೆ ಒತ್ತುತ್ತದೆ. ಇದನ್ನು ಸರಿಪಡಿಸಲು ಹಣ ಬೇಕಿಲ್ಲ.

ಕುರ್ಚಿಯ ಮೇಲೆ ಮಡಿಸಿದ ದುಪ್ಪಟಿ ಹಾಕಿ ಮಗುವನ್ನು ಎತ್ತರಿಸಿ, ಮೊಣಕೈ ಮತ್ತು ಮೇಜು ಒಂದೇ ಮಟ್ಟಕ್ಕೆ ಬರಲಿ. ಕಾಲ ಕೆಳಗೆ ಮಣೆಯನ್ನೋ ಎರಡು ಇಟ್ಟಿಗೆಗಳನ್ನೋ ಇಡಿ. ಮುಂಗೈಯ ಅರ್ಧಭಾಗ ಮೇಜಿನ ಮೇಲೆ ಒರಗಿರಲಿ. ಮುಂಗೈ, ಮಣಿಕಟ್ಟು, ಅಂಗೈ ಒಂದೇ ಗೆರೆಯಲ್ಲಿರಲಿ, ಮೇಲಕ್ಕಾಗಲಿ ಪಕ್ಕಕ್ಕಾಗಲಿ ಬಾಗದಿರಲಿ. ಮೌಸ್ ದೂರವಿದ್ದರೆ ಭುಜ ಎಳೆಯುತ್ತದೆ, ಹತ್ತಿರಕ್ಕೆ ತನ್ನಿ. ಪರದೆ ಒಂದು ತೋಳಿನಷ್ಟು ದೂರವಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯ ಹೊರಗಿನ ದೂರದ ಮರವನ್ನು ಇಪ್ಪತ್ತು ಸೆಕೆಂಡು ನೋಡಿದರೆ ಕಣ್ಣಿಗೂ ಬಿಡುವು.

ಅಭ್ಯಾಸದ ಕ್ರಮ

ಬೇಡವೆಂದು ಸೋತ ಮೇಲೆ ನಾವು ಮಕ್ಕಳೊಂದಿಗೆ ಕುಳಿತು ಮಾಡಿಕೊಂಡ ಒಪ್ಪಂದ ಇದು. ಇದು ವೈದ್ಯರ ಚೀಟಿಯಲ್ಲ, ತಿಳಿವಳಿಕೆಯ ಮಾತು. ಈಗಾಗಲೇ ನೋವಿರುವ ಮಗುವಿಗೆ ಇದು ಅನ್ವಯಿಸದು.

ಮೊದಲ ಎರಡು ನಿಮಿಷ ಕೈ ಬೆಚ್ಚಗಾಗಬೇಕು. ಮುಷ್ಟಿ ಕಟ್ಟಿ ಬಿಡಿಸುವುದು ಹತ್ತು ಸಲ, ಮಣಿಕಟ್ಟನ್ನು ನಿಧಾನವಾಗಿ ತಿರುಗಿಸುವುದು ಹತ್ತು ಸಲ, ಕೈಗಳನ್ನು ಇಳಿಬಿಟ್ಟು ನೀರು ಕೊಡವಿದಂತೆ ಕೊಡವುವುದು.

ಆಮೇಲೆ ಸುತ್ತುಗಳು. ಇಂಟರ್‌ನೆಟ್ ಇಲ್ಲದೆಯೂ ಎಣಿಸಬಹುದು. ಕಂಪ್ಯೂಟರಿನ ಪೇಂಟ್ ತೆರೆದು ಕುಂಚವನ್ನು ಆರಿಸಿ, ಮೌಸನ್ನು ಎಡದಿಂದ ಬಲಕ್ಕೆ ಸರಿಸುತ್ತ ಕ್ಲಿಕ್ ಮಾಡಿದರೆ ಸಾಲಾಗಿ ಚುಕ್ಕಿಗಳು ಬೀಳುತ್ತವೆ. ಮನೆಯವರೊಬ್ಬರು ಗಡಿಯಾರ ನೋಡಿ ಹತ್ತು ಸೆಕೆಂಡಿಗೆ ನಿಲ್ಲಿಸು ಎನ್ನಬೇಕು. ಚುಕ್ಕಿಗಳನ್ನು ಎಣಿಸಿ ಹತ್ತರಿಂದ ಭಾಗಿಸಿದರೆ ಸೆಕೆಂಡಿನ ಲೆಕ್ಕ ಸಿಕ್ಕಿತು. ಚುಕ್ಕಿಗಳು ನೆಟ್ಟಗಿನ ಸಾಲಿನಲ್ಲಿವೆಯೇ ಎಂಬುದನ್ನೂ ನೋಡಿ. ಸಾಲು ಅಂಕುಡೊಂಕಾಗಿದ್ದರೆ ಕೈ ಬಿಗಿದಿದೆ ಎಂದೇ ಅರ್ಥ. ಎಣಿಕೆಯ ಜೊತೆಗೆ ಸಾಲಿಗೂ ಅಂಕ ಕೊಟ್ಟರೆ ಮಗು ತಾನಾಗಿ ಸಡಿಲಗೈಗೆ ತಿರುಗುತ್ತದೆ.

ಹತ್ತು ಸೆಕೆಂಡಿನ ಒಂದು ಸುತ್ತಿಗೆ ಐವತ್ತು ಸೆಕೆಂಡು ಬಿಡುವು. ಬಿಡುವಿನಲ್ಲಿ ಕೈ ಮೌಸಿನ ಮೇಲಿರಬಾರದು, ತೊಡೆಯ ಮೇಲೆ ಅಂಗೈ ಮೇಲಾಗಿ ಮಲಗಿರಬೇಕು. ಒಂದು ದಿನಕ್ಕೆ ಐದೇ ಸುತ್ತು. ದಿನ ಬಿಟ್ಟು ದಿನ ಅಭ್ಯಾಸ. ಮೊದಲ ಎರಡು ವಾರ ಸಾಧಾರಣ ಕ್ಲಿಕ್ ಮಾತ್ರ, ಅದೂ ಬರುವ ವೇಗಕ್ಕಿಂತ ತುಸು ನಿಧಾನವಾಗಿ, ಲಯ ತಪ್ಪದಂತೆ. ಮೂರನೆಯ ವಾರದಿಂದ ಒಂದೆರಡು ಸುತ್ತು ವೇಗವಾಗಿ. ಆಮೇಲೆ ಬೇಕಿದ್ದರೆ ಬಟರ್‌ಫ್ಲೈ. ಜಿಟ್ಟರ್ ಕ್ಲಿಕ್ಕನ್ನು ಶಾಲಾ ಮಕ್ಕಳು ಅಭ್ಯಾಸ ಮಾಡುವುದು ಬೇಡ ಎಂಬುದೇ ನಮ್ಮ ನಿಲುವು. ಪರೀಕ್ಷೆಯ ತಿಂಗಳಿನಲ್ಲಿ ಎಲ್ಲಕ್ಕೂ ರಜೆ.

ಎಣಿಕೆ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಮಕ್ಕಳು ಹಟ ಹಿಡಿಯುವುದೂ, ಕೈ ಕೆಡಿಸಿಕೊಳ್ಳುವುದೂ ಆಗಲೇ. ನಿಂತದ್ದು ಸೋಲಲ್ಲ, ಒಬ್ಬೊಬ್ಬರ ಬೆರಳಿಗೆ ಒಂದೊಂದು ಅಳತೆ ಎಂದು ಮೊದಲೇ ಹೇಳಿಡಿ. ಬೆರಳು ಚುರುಕಿರುವ ಮಗುವಿಗೆ ಕನ್ನಡ ಟೈಪಿಂಗ್ ಕಲಿಸಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ನುಡಿ ತಂತ್ರಾಂಶಕ್ಕೆ ಆಧಾರ. ಅಲ್ಲಿ ಹತ್ತು ಬೆರಳೂ ದುಡಿಯುತ್ತವೆ, ಒಂದೇ ಬೆರಳಿನ ಮೇಲೆ ಭಾರ ಬೀಳುವುದಿಲ್ಲ. ನಿಮಿಷಕ್ಕೆ ಎಷ್ಟು ಪದ ಎಂಬ ಪಂದ್ಯ ಕಟ್ಟಿದರೆ ವೇಗದ ಹುರುಪೂ ತೀರುತ್ತದೆ.

ಯಾವಾಗ ನಿಲ್ಲಿಸಬೇಕು?

ಬೆರಳಿಗೆ ಜೋಮು, ಮುಂಗೈಯಲ್ಲಿ ಉರಿ, ಮಣಿಕಟ್ಟಿನಲ್ಲಿ ನೋವು, ಹೆಬ್ಬೆರಳ ಬುಡದಲ್ಲಿ ಬಾವು, ಹಿಡಿದ ಲೋಟ ಜಾರುವುದು, ಅಕ್ಷರ ಕೆಡುವುದು, ರಾತ್ರಿ ಕೈ ಮರಗಟ್ಟಿ ಎಚ್ಚರವಾಗುವುದು. ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ನಿಲ್ಲಿಸಬೇಕು. ಎರಡು ವಾರ ಕ್ಲಿಕ್ ಅಭ್ಯಾಸ ಬಿಟ್ಟರೂ ಕಡಿಮೆಯಾಗದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಜೋಮು ಬಿಡದೇ ಇದ್ದರೆ ಅಥವಾ ಹಿಡಿತ ಕುಂದಿದ್ದರೆ ಎರಡು ವಾರವೂ ಕಾಯಬೇಡಿ. ಸರ್ಕಾರಿ ಆಸ್ಪತ್ರೆಯ ಮೂಳೆ ವೈದ್ಯರಿಗೆ, "ಮೌಸ್ ಒತ್ತಿ ಒತ್ತಿ ಹೀಗಾಗಿದೆ" ಎಂದು ನೇರವಾಗಿ ಹೇಳಿ. ನಾಚಿಕೊಂಡು ಬಿದ್ದುದೆಂದು ಹೇಳಿದರೆ ಚಿಕಿತ್ಸೆ ದಾರಿ ತಪ್ಪುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಿ ಆಟ ಮುಂದುವರಿಸಲು ಬಿಡುವುದು, ಎಳೆದು ತಿಕ್ಕಿ ಬಿಗಿಯಾಗಿ ಕಟ್ಟು ಹಾಕಿಸುವುದು, ಇವೆರಡೂ ಬೇಡ.

ಇನ್ನು ಮೂರು ಎಚ್ಚರಿಕೆಗಳು

ಒಂದು, ಶಾಲೆಯ ಮೌಸ್. ಕನ್ನಡ ಮಾಧ್ಯಮ ಶಾಲೆಯ ಕಂಪ್ಯೂಟರ್ ಕೊಠಡಿಯ ಕಷ್ಟ ಬಲ್ಲವರೇ ಬಲ್ಲರು. ಡ್ರ್ಯಾಗ್ ಕ್ಲಿಕ್ ಮಾಡಿ ಸ್ವಿಚ್ ಸವೆದ ಮೌಸಿನಲ್ಲಿ ಮುಂದಿನ ಹುಡುಗಿ ಒಂದು ಕಡತ ತೆರೆಯಲು ಹೋದರೆ ಎರಡು ತೆರೆಯುತ್ತವೆ. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಭ್ಯಾಸ ಸ್ವಂತ ಮೌಸಿನಲ್ಲಿಯೇ ಆಗಲಿ.

ಎರಡು, ಆಟೋಕ್ಲಿಕ್ಕರ್. ಬೆರಳೇ ಆಡದೆ ಕ್ಲಿಕ್ ಮಾಡುವ ತಂತ್ರಾಂಶ ಇದು. ಬಹಳಷ್ಟು ಪಂದ್ಯಗಳಲ್ಲಿ ಇದನ್ನು ಮೋಸವೆಂದೇ ಎಣಿಸಿ ಖಾತೆ ರದ್ದು ಮಾಡುತ್ತಾರೆ. ಗೊತ್ತಿಲ್ಲದ ಜಾಗದಿಂದ ಇಳಿಸಿಕೊಂಡರೆ ಜೊತೆಗೆ ವೈರಸ್ಸೂ ಬರಬಹುದು. ಅಪ್ಪನ ಬ್ಯಾಂಕಿನ ಪಾಸ್‌ವರ್ಡ್ ಇರುವ ಕಂಪ್ಯೂಟರಿನಲ್ಲಿ ಇದು ಸಣ್ಣ ಅಪಾಯವಲ್ಲ.

ಮೂರು, ಹಣ. ವೇಗವಾಗಿ ಕ್ಲಿಕ್ ಮಾಡು, ಹಣ ಗೆಲ್ಲು ಎಂಬ ಆಮಿಷಗಳು ಬಂದಾವು. ಆಂಧ್ರಪ್ರದೇಶವು 2020ರಲ್ಲಿಯೇ ತನ್ನ 1974ರ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದು ಇ-ಸ್ಪೋರ್ಟ್ಸನ್ನು ಮಾನ್ಯ ಮಾಡುತ್ತದೆ, ಹಣದ ಆಟಗಳನ್ನು ನಿಷೇಧಿಸುತ್ತದೆ. ಪಣ ಕೇಳುವ ಆಟವೆಂದರೆ ಮುಟ್ಟಬಾರದ ಆಟ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ.

ಪೋಷಕರಲ್ಲಿ ನಮ್ಮ ವಿನಂತಿ

ಆ ಎಂಟನೆಯ ತರಗತಿಯ ವಿದ್ಯಾರ್ಥಿಯ ತಂದೆ ಮೊದಲು ಮೌಸನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹುಡುಗ ಗೆಳೆಯನ ಮನೆಗೆ ಹೋಗತೊಡಗಿದ. ಆಮೇಲೆ ನಮ್ಮ ಮಾತು ಕೇಳಿ ವೈದ್ಯರಿಗೆ ತೋರಿಸಿದರು, ಮೂರು ವಾರ ಕೈಗೆ ಬಿಡುವು ಕೊಡಿಸಿದರು, ಬಳಿಕ ತಾವೇ ಪಕ್ಕದಲ್ಲಿ ಕುಳಿತು ಗಡಿಯಾರ ಹಿಡಿದರು. ಈಗ ಅವನ ಎಣಿಕೆ ಹನ್ನೊಂದರಿಂದ ಎಂಟಕ್ಕೆ ಇಳಿದಿದೆ. ಉಕ್ತಲೇಖನದಲ್ಲಿ ಲೇಖನಿ ಕೆಳಗಿಡುವುದಿಲ್ಲ. ಎಂಟು ಎಂಬುದಕ್ಕೆ ಆಗಾಗ ಬೇಸರಪಟ್ಟುಕೊಳ್ಳುತ್ತಾನೆ. ಆ ಬೇಸರವನ್ನು ನಾವು ಅಲ್ಲಗಳೆಯುವುದಿಲ್ಲ. ಅವನ ವಯಸ್ಸಿಗೆ ಅದು ಸಹಜ.

ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪರದೆಯ ಮೇಲೆ ಇಂಗ್ಲಿಷು, ಹಿಂದಿ ಕೇಳುತ್ತ ಬೆಳೆಯುತ್ತಿದ್ದಾರೆ. ಪಾಠವನ್ನು ತಾಯ್ನುಡಿಯಲ್ಲಿ ಕೊಡಿ ಎಂದು ಸರ್ಕಾರವನ್ನು ಕೇಳುವ ನಾವು, ಆಟದ ಅಪಾಯವನ್ನು ತಾಯ್ನುಡಿಯಲ್ಲಿ ಹೇಳುವ ಹೊಣೆಯನ್ನು ಸರ್ಕಾರಕ್ಕೆ ಬಿಡುವಂತಿಲ್ಲ. ಅದು ಮನೆಯ ಕೆಲಸ. ಇಂದು ರಾತ್ರಿ ಊಟವಾದ ಮೇಲೆ ಮಗುವನ್ನು ಕರೆದು, ಹೇಗೆ ಕ್ಲಿಕ್ ಮಾಡುತ್ತೀಯೆ, ತೋರಿಸು ಎನ್ನಿ. ಬೈಯಬೇಡಿ. ಅದು ಕ್ಲಿಕ್ ಮಾಡುವಾಗ ಮುಂಗೈಯನ್ನು ಮೆಲ್ಲಗೆ ಮುಟ್ಟಿ ನೋಡಿ. ಮೆತ್ತಗಿದ್ದರೆ ಹತ್ತು ಸೆಕೆಂಡು ಎಣಿಸಿ. ಕಲ್ಲಿನಂತಿದ್ದರೆ ಆ ಕೈಯನ್ನು ಮೌಸಿನಿಂದ ಎತ್ತಿ ನಿಮ್ಮ ಕೈಯಲ್ಲಿ ಹಿಡಿದುಕೊಳ್ಳಿ, ಮಾತು ಅಲ್ಲಿಂದ ಶುರುವಾಗಲಿ.